ಕಪ್ಪು ಮಿಷನ್ನೋ, ಜಿಗ್‌ಜಾಗೋ? ಕರಾವಳಿಯ ಮನೆಯಲ್ಲಿ ಉಡುಪು ಹೊಲಿಯುವವರಿಗೆ

ಹತ್ತಿ ಬಟ್ಟೆಯ ಕುರ್ತಾ, ಫ್ರಾಕು, ಲಂಗ, ನೈಟಿ ಹೊಲಿದುಕೊಳ್ಳುವ ಆಸೆಯಿದೆ, ಮನೆ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆಯೋ ಘಟ್ಟದ ಮೇಲೆ ಶಿರಸಿಯಲ್ಲೋ ಇದೆ ಎಂದಾದರೆ ಕೊಳ್ಳಬೇಕಾದದ್ದು ಹಳೇ ಮಾದರಿಯ ಕಪ್ಪು ಮಿಷನ್ನು. ಬೀಡು ಕಬ್ಬಿಣದ ತಲೆ, ನೇರ ಹೊಲಿಗೆ ಒಂದೇ, ಕಾಲಲ್ಲಿ ತುಳಿಯುವ ಸ್ಟ್ಯಾಂಡು, ಬೇಕೆನಿಸಿದಾಗ ಸಿಕ್ಕಿಸಿಕೊಳ್ಳಲು ಒಂದು ಸಣ್ಣ ಮೋಟರು. ಉಷಾ, ಸಿಂಗರ್, ಮೆರಿಟ್ ಹೆಸರುಗಳಲ್ಲಿ ಈ ಬಗೆಯ ತಲೆ ಸಿಗುತ್ತದೆ. ಅದೇ ಅಂಗಡಿಯಲ್ಲಿ ಪಕ್ಕದಲ್ಲೇ ಬಿಳಿ ಮೈಯ, ಹಗುರಾದ, ಗುಂಡಿ ತಿರುಗಿಸಿದರೆ ಹತ್ತಾರು ಬಗೆಯ ಹೊಲಿಗೆ ಬೀಳುವ ಜಿಗ್‌ಜಾಗ್ ಮಿಷನ್ನೂ ಇರುತ್ತದೆ. ಹೊಸದಾಗಿ ಕಲಿಯುವವರ ಕಣ್ಣು ಮೊದಲು ಹೋಗುವುದು ಅದರ ಮೇಲೆ. ಅದು ಕೆಟ್ಟ ಯಂತ್ರವಲ್ಲ, ಆದರೆ ಅದಕ್ಕೆ ಹೊಂದುವ ಕೆಲಸವೇ ಬೇರೆ.

ನೇರ ಹೊಲಿಗೆಯ ಗುಣಮಟ್ಟದಿಂದ ಶುರುಮಾಡೋಣ. ಒಂದು ಕುರ್ತಾದಲ್ಲಿ ಭುಜ, ಪಕ್ಕ, ಕಂಕುಳು, ಕೊರಳು, ಅಂಚು ಎಲ್ಲವೂ ನೇರ ಹೊಲಿಗೆಯೇ. ಕಪ್ಪು ಮಿಷನ್ನಿನಲ್ಲಿ ಸೂಜಿ ಇಳಿಯುವ ತಟ್ಟೆಯ ತೂತು ಸಣ್ಣದು, ದುಂಡಗಿನದು. ಜಿಗ್‌ಜಾಗ್‌ನಲ್ಲಿ ಸೂಜಿ ಎಡಬಲಕ್ಕೆ ಓಡಾಡಬೇಕಾದ್ದರಿಂದ ಅದೇ ತೂತು ಅಡ್ಡಕ್ಕೆ ಸೀಳಿದ ಹಾಗೆ ಅಗಲವಾಗಿರುತ್ತದೆ. ತೆಳು ಮಲ್ಲು, ವಾಯಲು, ರೂಬಿಯಾ ಹೊಲಿಯುವಾಗ ಸೂಜಿಯ ಒತ್ತಡಕ್ಕೆ ಬಟ್ಟೆ ಆ ಅಗಲ ತೂತಿನೊಳಗೆ ಜಗ್ಗಿಕೊಂಡು ಹೋಗುತ್ತದೆ. ಮೊದಲ ನಾಲ್ಕೈದು ಟಾಕಿಗಳಲ್ಲೇ, ಅಂದರೆ ಸೂಜಿ ಇಳಿದೇಳುವ ನಾಲ್ಕೈದು ಸಲದಲ್ಲೇ, ಗಂಟು ಬೀಳುವುದು ಹೀಗೆ. ಜಿಗ್‌ಜಾಗ್ ಇರುವವರು ನೇರ ಹೊಲಿಗೆಗೆಂದೇ ಸಣ್ಣ ತೂತಿನ ತಟ್ಟೆ ಸಿಕ್ಕರೆ ಹಾಕಿಕೊಳ್ಳಬೇಕು. ಇಲ್ಲವೆಂದರೆ ಸಾಲಿನ ಶುರುವಿಗೆ ಬಟ್ಟೆಯ ಅಡಿ ತೆಳು ಕಾಗದ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯಬೇಕು.

ನಮ್ಮ ಕಡೆಯ ಹವೆಯೂ ಲೆಕ್ಕಕ್ಕೆ ಬರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಗೋಡೆಯೇ ಬೆವರುತ್ತದೆ, ಸಮುದ್ರದ ಹತ್ತಿರದ ಮನೆಗಳಲ್ಲಿ ಗಾಳಿಯಲ್ಲೇ ಉಪ್ಪಿರುತ್ತದೆ. ತುಕ್ಕು ಎರಡೂ ಬಗೆಯ ಮಿಷನ್ನಿಗೆ ಹಿಡಿಯುತ್ತದೆ. ಆದರೆ ಕಪ್ಪು ಮಿಷನ್ನಿನ ಪ್ರತಿ ಕೀಲೂ ಕೈಗೆ ಸಿಗುತ್ತದೆ. ತಲೆಯನ್ನು ಹಿಂದಕ್ಕೆ ಮಗುಚಿದರೆ ಅಡಿಭಾಗವೆಲ್ಲ ಕಾಣುತ್ತದೆ, ಎಡಗಡೆಯ ಮುಖಪಟ್ಟಿಯ ಸ್ಕ್ರೂ ಬಿಚ್ಚಿದರೆ ಸೂಜಿ ಕಂಬಿ ಕಾಣುತ್ತದೆ, ಎಣ್ಣೆಯ ತೂತುಗಳು ಮೇಲೆಯೇ ಇರುತ್ತವೆ. ಪ್ಲಾಸ್ಟಿಕ್ ಮೈಯ ಮಿಷನ್ನಿನಲ್ಲಿ ಮನೆಯವರು ಮುಟ್ಟಬಹುದಾದದ್ದು ಅಡಿಯ ನೂಲಿನ ಪುಟ್ಟ ಉರುಳೆ, ಅಂದರೆ ಬಾಬಿನ್, ಕೂರುವ ಜಾಗ ಮಾತ್ರ, ಮಿಕ್ಕದ್ದಕ್ಕೆ ಹೊದಿಕೆ ಬಿಚ್ಚಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದ ದಿನವೂ ತುಳಿಯುವ ಮಿಷನ್ ನಿಲ್ಲುವುದಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದವರಿಗೆ ಈ ಕಾರಣ ಅಷ್ಟು ದೊಡ್ಡದಲ್ಲ ಎಂಬುದನ್ನೂ ಒಪ್ಪಬೇಕು.

ಎಣ್ಣೆಯ ವಿಷಯದಲ್ಲಿ ನಮ್ಮ ಜಿಲ್ಲೆಯ ಮನೆಗಳಲ್ಲಿ ಆಗುವ ತಪ್ಪು ಒಂದೇ: ಕೈಗೆ ಸಿಕ್ಕ ಕೊಬ್ಬರಿ ಎಣ್ಣೆ ಬಿಡುವುದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಶಿರಸಿಯ ಡಿಸೆಂಬರ್ ಬೆಳಗಿನಲ್ಲಿ ಮಿಷನ್ ಬಿಗಿಯಾಗಿ, ತುಳಿದರೂ ಚಕ್ರ ತಿರುಗದ ಹಾಗೆ ಕೂರಲು ಇದೇ ಕಾರಣ. ದಿನ ಕಳೆದಂತೆ ಅದು ನೂಲಿನ ಧೂಳಿನ ಜೊತೆ ಸೇರಿ ಅಂಟಾಗುತ್ತದೆ. ಹೊಲಿಗೆ ಮಿಷನ್ನಿಗೆಂದೇ ಮಾರುವ ನೀರಿನಂಥ ಬಿಳಿ ಎಣ್ಣೆಯನ್ನೇ ಬಿಡಿ. ಆಗಲೇ ಅಂಟು ಕಟ್ಟಿದ್ದರೆ ಪ್ರತಿ ತೂತಿಗೂ ಎರಡು ಹನಿ ಸೀಮೆಎಣ್ಣೆ ಬಿಟ್ಟು, ನೂಲಿಲ್ಲದೆ ಎರಡು ಮೂರು ನಿಮಿಷ ಜೋರಾಗಿ ತುಳಿಯಿರಿ. ಕಪ್ಪು ಕೆಸರು ಹೊರಬಂದಾಗ ಹತ್ತಿ ಬಟ್ಟೆಯಿಂದ ಒರೆಸಿ, ಕೂಡಲೇ ಮಿಷನ್ ಎಣ್ಣೆ ಬಿಡಿ. ಸೀಮೆಎಣ್ಣೆ ಬಿಟ್ಟು ಹಾಗೆಯೇ ಬಿಟ್ಟರೆ ಲೋಹ ಒಣಗಿ ಸವೆಯುತ್ತದೆ. ಪ್ಲಾಸ್ಟಿಕ್ ಭಾಗಗಳಿರುವ ಮಿಷನ್ನಿಗೆ ಸೀಮೆಎಣ್ಣೆ ಬೇಡ. ದಿನವೂ ಹೊಲಿಯುವವರು ವಾರಕ್ಕೊಮ್ಮೆ ಒಂದೊಂದು ಹನಿ ಬಿಟ್ಟರೆ ಸಾಕು. ಮಳೆಗಾಲದಲ್ಲಿ ಹೊಲಿಯದಿದ್ದರೂ ವಾರಕ್ಕೊಮ್ಮೆ ಚಕ್ರ ತಿರುಗಿಸಿ, ಸೂಜಿ ಕಂಬಿಗೂ, ಮೇಲಿನ ನೂಲನ್ನು ಬಾಬಿನ್ ನೂಲಿಗೆ ಸಿಕ್ಕಿಸುವ ಶಟಲ್ ಓಡುವ ಜಾಡಿಗೂ ಹನಿ ಬಿಡಬೇಕು. ಎಣ್ಣೆ ಬಿಟ್ಟ ಮೇಲೆ ಮೊದಲ ಸಾಲು ಹಳೇ ಬಟ್ಟೆಯ ಮೇಲೆಯೇ ಹೋಗಲಿ. ಮುಚ್ಚಲು ಪ್ಲಾಸ್ಟಿಕ್ ಹಾಳೆ ಬೇಡ, ಒಳಗೆ ತೇವ ಸಿಕ್ಕಿಕೊಳ್ಳುತ್ತದೆ. ಹತ್ತಿಯ ಗವಸು ಹೊಲಿದು ಹಾಕಿ. ಮೊದಲ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯ ಕೆಲಸವೂ ಇಲ್ಲ.

ಬೆಲೆ ಕೇಳುವಾಗ ತಲೆ, ಸ್ಟ್ಯಾಂಡು, ಹಲಗೆ, ಮೋಟರು ಎಲ್ಲ ಸೇರಿಯೋ ಬೇರೆ ಬೇರೆಯೋ ಎಂದು ಬಿಡಿಸಿ ಕೇಳಿ. ಹಲಗೆಯಲ್ಲಿ ಉಳಿತಾಯ ಮಾಡಬೇಡಿ. ಪುಡಿ ಒತ್ತಿ ಮಾಡಿದ ಹಲಗೆ ಒಂದೆರಡು ಮಳೆಗಾಲದಲ್ಲಿ ಅಂಚಿನಿಂದ ಉಬ್ಬುತ್ತದೆ, ತಲೆ ಕೂರುವ ಕೀಲಿನ ಸ್ಕ್ರೂ ಸಡಿಲಾಗಿ ಇಡೀ ಮಿಷನ್ ಕುಣಿಯುತ್ತದೆ. ಗಟ್ಟಿ ಮರದ ಹಲಗೆಯನ್ನು ಊರಿನ ಬಡಗಿಯಿಂದ ಮಾಡಿಸಿಕೊಂಡರೂ ಆಗುತ್ತದೆ, ಅಂಗಡಿಯ ಹಲಗೆಯ ಅಳತೆ ಕೊಟ್ಟರೆ ಸಾಕು. ತುಳಿಯುವ ಮಿಷನ್ನಿನ ಚರ್ಮದ ಬೆಲ್ಟು ತೇವಕ್ಕೆ ಹಿಗ್ಗಿ ಜಾರುತ್ತದೆ. ಆಗ ಕೊಂಡಿ ಬಿಚ್ಚಿ, ಅರ್ಧ ಇಂಚು ಕತ್ತರಿಸಿ, ಹೊಸ ತೂತು ಕೊರೆದು ಮತ್ತೆ ಸಿಕ್ಕಿಸಿ. ಒಮ್ಮೆಗೇ ಹೆಚ್ಚು ಕತ್ತರಿಸಿದರೆ ಬೇಸಿಗೆಯಲ್ಲಿ ಬೆಲ್ಟು ಕುಗ್ಗಿ ತುಳಿತ ಭಾರವಾಗುತ್ತದೆ. ಮೋಟರಿನ ರಬ್ಬರು ಬೆಲ್ಟನ್ನು ನಡುವೆ ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಇಂಚು ತಗ್ಗಬೇಕು. ಬಿಗಿಯಾದರೆ ಮೋಟರು ಬಿಸಿಯಾಗುತ್ತದೆ, ಸಡಿಲಾದರೆ ದಪ್ಪ ಮಡಿಕೆಯ ಬಳಿ ಮಿಷನ್ ನಿಂತು ಮೋಟರು ಮಾತ್ರ ತಿರುಗುತ್ತದೆ. ಕಲಿಯುವ ಮೊದಲ ಕೆಲವು ವಾರ ಮೋಟರನ್ನು ಕಳಚಿಯೇ ಇಡುವುದು ಒಳ್ಳೆಯದು. ಕೊರಳಿನ ತಿರುವಿನಲ್ಲಿ ಒಂದೊಂದೇ ಟಾಕಿ ಹಾಕುವ ಹಿಡಿತ ಕಾಲಿನಿಂದಲೇ ಬರುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮದೇ ಬಟ್ಟೆಯ ತುಂಡುಗಳನ್ನು ಒಯ್ಯಿರಿ: ಎರಡು ಪದರ ಮಲ್ಲು, ನಾಲ್ಕು ಪದರ ಪಾಪ್ಲಿನ್, ಒಂದು ಗೆರೆ ಹಾಕಿದ ಪಟ್ಟಿಯ ಹಾಳೆ. ಮೊದಲು ನೂಲಿಲ್ಲದೆ ಹಾಳೆಯ ಗೆರೆಯ ಮೇಲೆ ಹೊಲಿಯಿರಿ. ಕಾಗದವನ್ನು ಎಳೆಯದೆ ಬಿಟ್ಟರೂ ತೂತುಗಳು ಗೆರೆಯಿಂದ ಒಂದೇ ಕಡೆಗೆ ಸರಿಯುತ್ತಾ ಹೋದರೆ ಬಟ್ಟೆಯನ್ನು ಮೇಲಿನಿಂದ ಒತ್ತಿಹಿಡಿಯುವ ಪಾದ ಅಥವಾ ಅದನ್ನು ಮುಂದಕ್ಕೆ ಸರಿಸುವ ಅಡಿಯ ಹಲ್ಲು ಓರೆಯಾಗಿದೆ. ಆಮೇಲೆ 30 ಸೆಂಟಿಮೀಟರಿನ ಎರಡು ಸಮ ಪಟ್ಟಿ ಜೋಡಿಸಿ ಹೊಲಿಯಿರಿ. ಕೊನೆಯಲ್ಲಿ ಮೇಲಿನ ಪಟ್ಟಿ ಹೆಚ್ಚಾಗಿ ಉಳಿದರೆ ಪಾದದ ಒತ್ತಡ ಜಾಸ್ತಿ ಎಂದರ್ಥ. ಮೇಲಿನ ತಿರುಪು ಸಡಿಲಿಸಿ ಮತ್ತೆ ನೋಡಿ. ಈ ಪರೀಕ್ಷೆ ಮಾಡದೆ ತಂದವರಿಗೆ ಕುರ್ತಾದ ಮುಂಭಾಗ ಹಿಂಭಾಗ ಸಮವಾಗಿ ಕತ್ತರಿಸಿದ್ದರೂ ಕೆಳಗೆ ಬಂದಾಗ ಹೊಂದುವುದಿಲ್ಲ, ತಪ್ಪು ತಮ್ಮ ಕತ್ತರಿಯದ್ದೆಂದು ಕೊರಗುತ್ತಾರೆ. ಕೊನೆಗೆ, ಹಿಂದಕ್ಕೆ ಹೊಲಿಯುವ ಸೌಲಭ್ಯ ಇದೆಯೇ ನೋಡಿ. ಸಾಲಿನ ಎರಡೂ ತುದಿಗೆ ಗಟ್ಟಿ ಹಾಕಲು ಅದು ಬೇಕೇ ಬೇಕು.

ಸೂಜಿಯ ಲೆಕ್ಕ ಸುಲಭ. ಮಲ್ಲು, ರೇಷ್ಮೆ, ಜಾರ್ಜೆಟ್‌ಗೆ 11, ಪಾಪ್ಲಿನ್, ಕೇಂಬ್ರಿಕ್, ರೇಯಾನ್‌ಗೆ 14, ದಪ್ಪ ಖಾದಿ, ಜೀನ್ಸ್‌ಗೆ 16. ಸೂಜಿಯ ಒಂದು ಬದಿಯಲ್ಲಿ ಉದ್ದ ಕಾಲುವೆ ಇರುತ್ತದೆ, ಬುಡದಲ್ಲಿ ಅದರ ಎದುರಿನ ಬದಿ ಚಪ್ಪಟೆ. ನೂಲು ಯಾವಾಗಲೂ ಕಾಲುವೆಯ ಕಡೆಯಿಂದ ಒಳಹೋಗಬೇಕು. ಸೂಜಿ ತಿರುವುಮುರುವಾದರೆ ಒಂದು ಟಾಕಿಯೂ ಕಟ್ಟುವುದಿಲ್ಲ. ಹೊಸಬರು ಮಿಷನ್ ಕೆಟ್ಟಿತೆಂದು ರಿಪೇರಿಗೆ ಹೊತ್ತು ತರುವುದರಲ್ಲಿ ಬಹುಪಾಲು ಇದೇ, ಇಲ್ಲವೇ ಪಾದ ಕೆಳಗಿಟ್ಟು ನೂಲು ಪೋಣಿಸಿದ್ದು. ಪಾದ ಎತ್ತಿದಾಗ ಮಾತ್ರ ಮೇಲಿನ ನೂಲನ್ನು ಬಿಗಿಹಿಡಿಯುವ ಟೆನ್ಷನ್ ತಟ್ಟೆಗಳು ಬಾಯಿ ಬಿಡುತ್ತವೆ. ಇಳಿಸಿದಾಗ ಪೋಣಿಸಿದರೆ ನೂಲು ತಟ್ಟೆಗಳ ನಡುವೆ ಕೂರದೆ, ಬಟ್ಟೆಯ ಅಡಿಯಲ್ಲಿ ಕುಣಿಕೆ ಕುಣಿಕೆಯಾಗಿ ಜೋಲಾಡುತ್ತದೆ. ಅಡಿಯಲ್ಲಿ ಕಾಣುವ ಕುಣಿಕೆಗೆ ಕಾರಣ ಹೆಚ್ಚಾಗಿ ಮೇಲಿನ ನೂಲು. ಇದನ್ನು ತಿಳಿಯದೆ ಬಾಬಿನ್ ಕೇಸಿನ ಪುಟ್ಟ ಸ್ಕ್ರೂ ತಿರುಗಿಸಿ ಹದ ಕೆಡಿಸುವವರು ಬಹಳ. ಬಾಬಿನ್ ಹದ ನೋಡಲು ನೂಲು ಹಿಡಿದು ಕೇಸನ್ನು ತೂಗುಬಿಡಿ. ತಾನಾಗಿ ಜಾರಬಾರದು, ಕೈ ಮೆಲ್ಲಗೆ ಜಾಡಿಸಿದರೆ ಒಂದೆರಡು ಇಂಚು ಇಳಿಯಬೇಕು. ಟಾಕಿಯ ಉದ್ದ ಹತ್ತಿಗೆ 2.5 ಮಿಲಿಮೀಟರು, ಅಂದರೆ ಇಂಚಿಗೆ 10 ಟಾಕಿ. ತೆಳು ಬಟ್ಟೆಗೆ 2, ಕಚ್ಚಾ ಹೊಲಿಗೆಗೂ ನೆರಿಗೆ ಎಳೆಯಲೂ 4ರಿಂದ 5.

ಅಂಚು ಬಿಚ್ಚದಂತೆ ಮಾಡುವುದು ಹೇಗೆ ಎಂಬುದೇ ಜಿಗ್‌ಜಾಗ್ ಪರವಾದವರ ದೊಡ್ಡ ವಾದ, ಅದು ನ್ಯಾಯವೂ ಹೌದು. ಕಪ್ಪು ಮಿಷನ್ನಿನಲ್ಲಿ ಇದಕ್ಕೆ ಉತ್ತರ ಫ್ರೆಂಚ್ ಹೊಲಿಗೆ. ಕತ್ತರಿಸುವಾಗ ಪಕ್ಕಕ್ಕೆ 1.5 ಸೆಂಟಿಮೀಟರು ಹೆಚ್ಚು ಬಿಡಿ. ಬಟ್ಟೆಯ ಒಳಮೈಗಳು ಮುಖಾಮುಖಿಯಾಗಿರಲಿ, ಅಂದರೆ ಹೊರಮೈ ಹೊರಗೆ ಕಾಣುವಂತೆ ಜೋಡಿಸಿ ಅಂಚಿನಿಂದ 0.6 ಸೆಂಟಿಮೀಟರಿಗೆ ಹೊಲಿಯಿರಿ. ಅಂಚನ್ನು 0.3ಕ್ಕೆ ಕತ್ತರಿಸಿ, ಹೊಲಿಗೆಯ ಮೇಲೆ ಇಸ್ತ್ರಿ ಹಾಕಿ. ಈಗ ಒಳಕ್ಕೆ ತಿರುವಿ, ಹೊಲಿಗೆ ಮಡಿಕೆಯ ತುದಿಗೇ ಬರುವಂತೆ ಇಸ್ತ್ರಿ ಮಾಡಿ, ಮಡಿಕೆಯಿಂದ 0.9ಕ್ಕೆ ಇನ್ನೊಂದು ಸಾಲು ಹಾಕಿ. ಎಳೆಗಳೆಲ್ಲ ಒಳಗೆ ಸಿಕ್ಕಿಹಾಕಿಕೊಳ್ಳುತ್ತವೆ. ಅಂಚು ಕತ್ತರಿಸುವುದನ್ನು ಬಿಟ್ಟರೆ ಹೊರಮೈಯಲ್ಲಿ ಎಳೆಗಳು ಮೀಸೆಯಾಗಿ ಇಣುಕುತ್ತವೆ, ನಡುವಿನ ಇಸ್ತ್ರಿ ಬಿಟ್ಟರೆ ಅಳತೆ ಅರ್ಧ ಸೆಂಟಿಮೀಟರು ಅತ್ತಿತ್ತ ಆಗುತ್ತದೆ. ಬೆವರುವ ಕರಾವಳಿಯಲ್ಲಿ ಇದರ ಸುಖ ಉಟ್ಟವರಿಗೇ ಗೊತ್ತು: ಕಂಕುಳ ಬಳಿ ಒರಟು ಅಂಚು ಉಜ್ಜುವುದಿಲ್ಲ. ಅಂಚಿಗೆ ನೂಲು ಸುತ್ತಿ ಹೊಲಿಯುವ ಓವರ್‌ಲಾಕ್‌ಗಿಂತ ಇದು ಒಂದು ಕೈ ಮೇಲು. ದಪ್ಪ ಬಟ್ಟೆಯ ಕಂಕುಳ ತಿರುವಿಗೆ ಮಾತ್ರ ಇದು ಕೂರುವುದಿಲ್ಲ, ಅಲ್ಲಿ ಬಟ್ಟೆಯ ಎಳೆಗೆ ಓರೆಯಾಗಿ ಕತ್ತರಿಸಿದ, 3 ಸೆಂಟಿಮೀಟರು ಅಗಲದ ಪಟ್ಟಿಯಿಂದ ಅಂಚು ಕಟ್ಟಿ.

ಕಪ್ಪು ಮಿಷನ್ನಿನಿಂದ ಆಗದ ಕೆಲಸಗಳೂ ಇವೆ. ಟೀ ಶರ್ಟಿನ, ಲೆಗ್ಗಿನ್ಸಿನ ಹಿಗ್ಗುವ ಬಟ್ಟೆಗೆ ನೇರ ಹೊಲಿಗೆ ಹಾಕಿದರೆ ಧರಿಸುವಾಗ ನೂಲು ಪಟಪಟ ಕಡಿಯುತ್ತದೆ. ಅಂಥದ್ದೇ ಹೊಲಿಯುವ ಇಷ್ಟವಿದ್ದರೆ ಜಿಗ್‌ಜಾಗ್ ಮಿಷನ್ನನ್ನೇ ಕೊಂಡು, ತುದಿ ದುಂಡಗಿರುವ ಸೂಜಿ ಹಾಕಿಕೊಳ್ಳಿ. ಕಾಜಾ ಕೂಡ ಅದರಲ್ಲಿ ಸಲೀಸು. ಕಪ್ಪು ಮಿಷನ್ ಇದ್ದವರು ಕೈಯಲ್ಲಿ ಹೊಲಿಯಬೇಕು ಅಥವಾ ಪೀಕೋ, ಓವರ್‌ಲಾಕ್ ಮಾಡಿಕೊಡುವ ಪೇಟೆಯ ಅಂಗಡಿಗೆ ಕೊಡಬೇಕು. ಬಾಡಿಗೆ ಮನೆಯವರಿಗೆ, ಮೇಲಿನ ಮಹಡಿಯ ಒಂದೇ ಕೋಣೆಯವರಿಗೆ ಕಬ್ಬಿಣದ ಸ್ಟ್ಯಾಂಡು ಹೊರೆಯೇ. ಅವರಿಗೂ ಹಗುರದ್ದೇ ಸರಿ.

ಮೊದಲ ಉಡುಪಿಗೆ 44 ಇಂಚು ಪನ್ನಾದ, ಅಂದರೆ ಅಷ್ಟು ಅಗಲದ, ಹತ್ತಿ ಬಟ್ಟೆ ತನ್ನಿ. 42 ಇಂಚು ಉದ್ದದ, ಮೊಣಕೈವರೆಗಿನ ತೋಳಿನ ಕುರ್ತಾಕ್ಕೆ ಎರಡೂವರೆ ಮೀಟರು ಬೇಕು. ಮುಂಭಾಗ, ಹಿಂಭಾಗಕ್ಕೆ ಮಡಿಕೆ ಸೇರಿ 44 ಇಂಚಿನಂತೆ 88 ಇಂಚು, ಅಂದರೆ ಸುಮಾರು 2.25 ಮೀಟರು ಹೋಗುತ್ತದೆ. ತೋಳುಗಳು ಪಕ್ಕದಲ್ಲಿ ಉಳಿದ ಪಟ್ಟಿಯಲ್ಲಿ ಬರುತ್ತವೆ. ಮಿಕ್ಕದ್ದು ಬಟ್ಟೆ ಕುಗ್ಗುವುದಕ್ಕೆ ಮತ್ತು ಕೊರಳ ಪಟ್ಟಿಗೆ. ಖಣದ ಪನ್ನಾ ಕಿರಿದು, ಅದಕ್ಕೆ ಈ ಲೆಕ್ಕ ನಡೆಯುವುದಿಲ್ಲ. ತಂದ ಬಟ್ಟೆಯನ್ನು ರಾತ್ರಿಯಿಡೀ ನೆನೆಹಾಕಿ ಒಣಗಿಸಿದ ಮೇಲೆಯೇ ಕತ್ತರಿ ಹಾಕಬೇಕು. ನೂರಕ್ಕೆ 4ರಷ್ಟು ಕುಗ್ಗಿದರೂ ಎರಡೂವರೆ ಮೀಟರಿನಲ್ಲಿ 10 ಸೆಂಟಿಮೀಟರು ಹೋಯಿತು. ಮಳೆಗಾಲದಲ್ಲಿ ಮನೆಯೊಳಗೆ ಒಣಗಿದ ಬಟ್ಟೆ ಕೈಗೆ ಒಣಗಿದಂತೆ ಕಂಡರೂ ಒಳಗೆ ತೇವ ಇರುತ್ತದೆ. ಆ ಸ್ಥಿತಿಯಲ್ಲಿ ಇಸ್ತ್ರಿ ಎಳೆದರೆ ಬಟ್ಟೆ ಓರೆಯಾಗಿ ಹಿಗ್ಗುತ್ತದೆ, ಕತ್ತರಿಸಿದ ತುಂಡುಗಳು ಆಮೇಲೆ ಒಂದಕ್ಕೊಂದು ಹೊಂದುವುದಿಲ್ಲ. ಇಸ್ತ್ರಿಯನ್ನು ಎಳೆಯದೆ ಎತ್ತಿ ಎತ್ತಿ ಒತ್ತಿ, ಹಬೆ ಏಳುವುದು ಪೂರ್ತಿ ನಿಂತ ಮೇಲೆ ಅರ್ಧ ಗಂಟೆ ಹರಡಿಟ್ಟು, ಆಮೇಲೆ ಗುರುತು ಹಾಕಿ.

ಹಳೇ ಮಿಷನ್ ಸಿಕ್ಕರೆ ಬಿಡಬೇಡಿ, ಈ ಬಗೆಯ ತಲೆಗಳು ಎಣ್ಣೆ ಕಂಡಿದ್ದರೆ ದಶಕಗಟ್ಟಲೆ ದುಡಿಯುತ್ತವೆ. ಬಂಗಾರದ ಚಿತ್ತಾರ ಅಳಿಸಿದ್ದು, ಬಣ್ಣ ಎದ್ದದ್ದು ಲೆಕ್ಕಕ್ಕಿಲ್ಲ. ಬಾಬಿನ್ ಕೇಸ್ ತೆಗೆದು ಶಟಲ್ ಓಡುವ ಜಾಡನ್ನು ಬ್ಯಾಟರಿ ಬೆಳಕಿನಲ್ಲಿ ನೋಡಿ. ಮೇಲ್ಮೈ ತುಕ್ಕು ಎಣ್ಣೆಯಿಂದ ಒರೆಸಿದರೆ ಹೋಗುತ್ತದೆ, ಉಗುರಿಗೆ ತಾಗುವ ಕುಳಿ ಬಿದ್ದಿದ್ದರೆ ನೂಲು ಅಲ್ಲಿ ಪದೇ ಪದೇ ಸಿಕ್ಕಿ ಹರಿಯುತ್ತದೆ. ಸೂಜಿ ಕಂಬಿಯನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ: ಎಡಬಲಕ್ಕೆ ಕಣ್ಣಿಗೆ ಕಾಣುವಷ್ಟು ಆಡಿದರೆ ಕಂಬಿಯನ್ನು ಹಿಡಿದಿಡುವ ಬುಷ್ ಸವೆದಿದೆ. ಶಟಲ್, ಬಾಬಿನ್ ಕೇಸ್, ಅಡಿಯ ಹಲ್ಲು, ಪಾದ ಈ ನಾಲ್ಕೂ ಬಿಡಿಯಾಗಿ ಸಿಗುವ ಸಾಮಾನು. ಅವು ಸವೆದಿದ್ದರೆ ಬೆಲೆ ಇಳಿಸಲು ಕೇಳಿ, ಕೊಳ್ಳುವುದನ್ನು ನಿಲ್ಲಿಸಬೇಡಿ. ತಲೆಯಲ್ಲೇ ಬಿರುಕು ಇದ್ದರೆ ಮಾತ್ರ ಎಷ್ಟು ಕಡಿಮೆಗೆ ಕೊಟ್ಟರೂ ಬೇಡ. ಬೀಡಿಗೆ ಬೆಸುಗೆ ನೆಟ್ಟಗೆ ಹಿಡಿಯುವುದಿಲ್ಲ.