ಎಂಟು ವಾರದ ಬೇಸಿಗೆ ಫೆಲೋಶಿಪ್: ಮೈಸೂರು–ಮಂಡ್ಯದ ಬಿ.ಎಸ್ಸಿ. ವಿದ್ಯಾರ್ಥಿಗೆ ಎಷ್ಟು ಒದಗುತ್ತದೆ?

ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಪ್ರತಿ ವರ್ಷ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನ ವಿಮರ್ಶೆ ಇದು. ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಇನ್ಸಾ (ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ), ಪ್ರಯಾಗರಾಜದ ನಾಸಿ (ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಭಾರತ) ಇದರ ಹಿಂದಿವೆ. ಆಯ್ಕೆಯಾದವರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಕೈಕೆಳಗೆ ಕೆಲಸ ಮಾಡುತ್ತಾರೆ. ತಿಂಗಳ ಭತ್ಯೆ, ಹೋಗಿಬರುವ ರೈಲು ಖರ್ಚು ಸಿಗುತ್ತದೆ. ನಮ್ಮ ಕಡೆಯ ವಿದ್ಯಾರ್ಥಿಗೆ ಎಟಕುವ ಬೇಸಿಗೆ ಅವಕಾಶಗಳಲ್ಲಿ ಇದಕ್ಕಿಂತ ಒಳ್ಳೆಯದು ಕಡಿಮೆ. ಆದರೂ ಎಲ್ಲರಿಗೂ ಹೊಂದುವುದಿಲ್ಲ.

ಮೊದಲ ತೊಡಕು ಕಾಲದ್ದು. ಅರ್ಜಿ ಕರೆಯುವುದು ಸಾಮಾನ್ಯವಾಗಿ ಅಕ್ಟೋಬರ್–ನವೆಂಬರ್ ಸುಮಾರಿಗೆ. ಮಾರ್ಚ್‌ನಲ್ಲಿ ಬಿಸಿಲೇರಿದ ಮೇಲೆ ನೆನಪಾದರೆ ಆ ವರ್ಷ ಮುಗಿದ ಹಾಗೆ. ದಸರಾ ರಜೆಯಲ್ಲೇ ಅಂಕಪಟ್ಟಿಗಳ ಸ್ಕ್ಯಾನ್ ಪ್ರತಿ, ಬರಹ, ಶಿಫಾರಸು ಬರೆಯುವ ಮೇಷ್ಟ್ರ ಒಪ್ಪಿಗೆ ಮೂರನ್ನೂ ಸಿದ್ಧ ಮಾಡಿಟ್ಟುಕೊಳ್ಳಿ. ಶಿಫಾರಸಿಗೆ ವಿಭಾಗದ ಮುಖ್ಯಸ್ಥರೇ ಆಗಬೇಕೆಂದು ಹಟ ಬೇಡ. ಪ್ರಾಕ್ಟಿಕಲ್‌ನಲ್ಲಿ ನಿಮ್ಮ ಕೈಗೆಲಸ ನೋಡಿದವರ ನಾಲ್ಕು ಸಾಲಿಗೆ ಹೆಚ್ಚು ತೂಕ.

ಅರ್ಜಿಯ ಜೀವ ಇರುವುದು ನೀವು ಏನು ಮಾಡಬೇಕೆಂದಿದ್ದೀರಿ ಎಂದು ಬರೆಯುವ ಆ ಒಂದು ಪುಟದಲ್ಲಿ. ‘ಕ್ಯಾನ್ಸರ್ ಸಂಶೋಧನೆಯಲ್ಲಿ ನನಗೆ ಅಪಾರ ಆಸಕ್ತಿ’ ಎಂಬ ಸಾಲು ನೂರಾರು ಅರ್ಜಿಗಳಲ್ಲಿರುತ್ತದೆ. ಮಂಡ್ಯದ ಹುಡುಗಿಯೊಬ್ಬಳು ‘ಕಡಿದ ಕಬ್ಬನ್ನು ಗದ್ದೆಯಲ್ಲೇ ಬಿಟ್ಟರೆ ಇನ್ವರ್ಟೇಸ್ ಕಿಣ್ವ ಸುಕ್ರೋಸನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತದೆ, ಅದರ ವೇಗವನ್ನು ಉಷ್ಣತೆಗೆ ತಕ್ಕಂತೆ ಅಳೆಯಬೇಕು’ ಎಂದು ಬರೆದರೆ ಓದುವ ವಿಜ್ಞಾನಿ ನಿಲ್ಲುತ್ತಾರೆ. ರಾಗಿ ಮೊಳಕೆ ಕಟ್ಟಿದಾಗ ಫೈಟೇಸ್ ಕಿಣ್ವ ಕಬ್ಬಿಣವನ್ನು ಹಿಡಿದಿಟ್ಟಿರುವ ಫೈಟೇಟನ್ನು ಒಡೆದು ಕಬ್ಬಿಣಾಂಶವನ್ನು ಬಿಡಿಸುವುದು ಇನ್ನೊಂದು ಒಳ್ಳೆಯ ಎಳೆ. ಒಂದು ಪ್ರಶ್ನೆ, ಅದನ್ನು ಅಳೆಯುವ ಒಂದು ದಾರಿ, ನಿಮಗೆ ಈಗಾಗಲೇ ಬರುವ ಒಂದು ತಂತ್ರ: ಇಷ್ಟಿದ್ದರೆ ಸಾಕು. ಮಾರ್ಗದರ್ಶಕರನ್ನು ಆರಿಸುವಾಗ ಸಂಸ್ಥೆಯ ಹೆಸರಿಗೆ ಮರುಳಾಗದೆ ಅವರ ಇತ್ತೀಚಿನ ಎರಡು ಲೇಖನಗಳ ಸಾರಾಂಶವನ್ನಾದರೂ ಓದಿ.

ಎರಡನೇ ತೊಡಕು ಪರೀಕ್ಷೆ. ಇಲ್ಲಿಯ ಪದವಿ ಕಾಲೇಜುಗಳಲ್ಲಿ ಸಮ ಸೆಮಿಸ್ಟರ್ ಪರೀಕ್ಷೆ ಜೂನ್–ಜುಲೈಗೆ ಜಾರುವುದುಂಟು. ಫೆಲೋಶಿಪ್ ನಡೆಯುವುದೂ ಬಹುತೇಕ ಆಗಲೇ. ಆಯ್ಕೆಪತ್ರ ಬಂದ ದಿನವೇ ಪರೀಕ್ಷಾ ವೇಳಾಪಟ್ಟಿಯ ಅಂದಾಜನ್ನು ಮಾರ್ಗದರ್ಶಕರಿಗೆ ತಿಳಿಸಿ, ತಾರೀಖು ಹಿಂದೆಮುಂದೆ ಮಾಡಲು ಕೇಳಿ. ಐದನೇ ವಾರದಲ್ಲಿ ‘ಪರೀಕ್ಷೆ ಇದೆ’ ಎಂದು ಎದ್ದು ಬಂದರೆ ಅರ್ಧ ಪ್ರಯೋಗ ಯಾರ ಉಪಯೋಗಕ್ಕೂ ಬರುವುದಿಲ್ಲ.

ಈಗ ಆ 56 ದಿನಗಳ ಲೆಕ್ಕ. ಗುರುತಿನ ಚೀಟಿ, ಸುರಕ್ಷತಾ ಪಾಠ, ಲ್ಯಾಬ್ ಪರಿಚಯಕ್ಕೆ ಒಂದು ವಾರ ಹೋಗುತ್ತದೆ. ತಂತ್ರ ಕೈಗೆ ಹತ್ತಲು ಇನ್ನೊಂದೂವರೆ ವಾರ. ಬೇಕಾದ ರಾಸಾಯನಿಕ ಕಪಾಟಿನಲ್ಲಿ ಇಲ್ಲದಿದ್ದರೆ ಖರೀದಿ ಕಡತ ಓಡಾಡುವಷ್ಟರಲ್ಲಿ ಮತ್ತೆ ಹದಿನೈದು ದಿನ. ಕೊನೆಯ ವಾರ ವರದಿಗೆ. ನಿಜವಾದ ದತ್ತಾಂಶಕ್ಕೆ ಉಳಿಯುವುದು ರಾಸಾಯನಿಕ ಕೈಯಲ್ಲಿದ್ದರೆ ನಾಲ್ಕೂವರೆ ವಾರ, ಇಲ್ಲದಿದ್ದರೆ ಬರೀ ಎರಡೂವರೆ. ಹಾಗಾಗಿ ಹೊರಡುವ ಮೊದಲೇ ‘ಈ ಕೆಲಸಕ್ಕೆ ಬೇಕಾದ ಸಾಮಗ್ರಿ ಲ್ಯಾಬ್‌ನಲ್ಲಿ ಇದೆಯೇ?’ ಎಂದು ಮೇಲ್ ಹಾಕಿ ಕೇಳುವುದು ಅಧಿಕಪ್ರಸಂಗವಲ್ಲ.

ಹೊಸಬರು ಎಡವುವ ಜಾಗ ಬಹುಪಾಲು ಒಂದೇ: ದ್ರಾವಣದ ಲೆಕ್ಕ. 50 ಪಟ್ಟು ಸಾಂದ್ರತೆಯ ಟಿಎಇ ಬಫರ್‌ನಿಂದ (ಡಿಎನ್‌ಎ ಜೆಲ್‌ಗೆ ಬಳಸುವ ದ್ರಾವಣ) ಒಂದು ಲೀಟರ್ ಬಳಕೆಯ ಬಫರ್ ಮಾಡಲು 20 ಮಿಲಿ ತೆಗೆದು 980 ಮಿಲಿ ನೀರು ಸೇರಿಸಬೇಕು ಎಂಬುದು ಬಾಯಲ್ಲೇ ಬರುವಂತಿರಬೇಕು. ಮೈಕ್ರೋಪಿಪೆಟ್ ಸರಿಯಿದೆಯೇ ಎಂದು ನೋಡಲು 1000 ಮೈಕ್ರೋಲೀಟರ್ ನೀರನ್ನು ಹತ್ತು ಸಲ ತೂಗಿ; ಪ್ರತಿ ಸಲವೂ ಒಂದು ಗ್ರಾಂ ಆಸುಪಾಸು ಬರಬೇಕು. ತೂಕ ಏರಿಳಿದರೆ ತಪ್ಪು ಪಿಪೆಟ್‌ನದ್ದಕ್ಕಿಂತ ಹೆಚ್ಚಾಗಿ ಹೆಬ್ಬೆರಳಿನದು. ಗುಂಡಿಯನ್ನು ಎರಡನೇ ತಡೆಯವರೆಗೆ ಒತ್ತಿ ದ್ರವ ಎಳೆದರೆ ಹೆಚ್ಚು ಬರುತ್ತದೆ, ಬೇಗ ಬಿಟ್ಟರೆ ಗುಳ್ಳೆ ಸೇರುತ್ತದೆ. ಇದನ್ನು ಕಾಲೇಜಿನ ಲ್ಯಾಬ್‌ನಲ್ಲೇ ರೂಢಿ ಮಾಡಿಕೊಂಡು ಹೋದವರಿಗೆ ಒಂದು ವಾರ ಉಳಿಯುತ್ತದೆ.

ಬೆಂಗಳೂರು ಸಿಕ್ಕಿತು, ಮಂಡ್ಯದಿಂದ ಪಾಸ್ ಮಾಡಿಸಿ ದಿನಾ ಓಡಾಡೋಣ ಎನ್ನುವವರಿಗೆ ಒಂದು ಮಾತು. ಕಂಪ್ಯೂಟರ್ ಕೆಲಸವಾದರೆ ಹೇಗೋ ನಡೆದೀತು. ಬ್ಯಾಕ್ಟೀರಿಯಾ ಬೆಳೆಸುವ ಕೆಲಸದಲ್ಲಿ ರಾತ್ರಿ ಒಂಬತ್ತಕ್ಕೂ ಮಾದರಿ ತೆಗೆಯಬೇಕಾಗುತ್ತದೆ, ರೈಲು ಕಾಯುವುದಿಲ್ಲ. ಜಕ್ಕೂರು, ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯದ ಆವರಣ) ಕಡೆಯ ಸಂಸ್ಥೆಗಳಾದರೆ ಮೆಜೆಸ್ಟಿಕ್‌ನಲ್ಲಿ ಇಳಿದ ಮೇಲೂ ದೂರವಿದೆ. ಹಾಸ್ಟೆಲ್ ಸಿಗುತ್ತದೆಯೇ ಎಂಬುದನ್ನು ಒಪ್ಪಿಗೆ ಕೊಡುವ ಮೊದಲೇ ಖಚಿತ ಮಾಡಿಕೊಳ್ಳಿ.

ಮನೆ ಬಿಟ್ಟು ಹೋಗಲಾಗದವರು ನಷ್ಟವಾಯಿತು ಅಂದುಕೊಳ್ಳಬೇಕಿಲ್ಲ. ಮೈಸೂರಿನಲ್ಲಿ ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ವಿಭಾಗಗಳಿವೆ, 1950ರಲ್ಲಿ ಶುರುವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇದೆ, ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ, ಮಂಡ್ಯದಲ್ಲಿ ಕೃಷಿ ಸಂಶೋಧನೆಯ ವಿ.ಸಿ. ಫಾರಂ ಇದೆ. ಕಾಲೇಜಿನ ಪತ್ರದೊಂದಿಗೆ ಮುಂಚೆಯೇ ವಿಚಾರಿಸಿ, ಶುಲ್ಕವಿದ್ದರೆ ಕೇಳಿಕೊಳ್ಳಿ. ಇಲ್ಲಿ ನೋಡಬೇಕಾದದ್ದು ಜೀವಿಯ ಕಾಲಾವಧಿ. ರೇಷ್ಮೆಹುಳು ಚಾಕಿಯಿಂದ (ಮರಿಹುಳುವಿನ ಹಂತ) ಹಣ್ಣಾಗಿ ಗೂಡು ಕಟ್ಟಲು ಸುಮಾರು 25 ದಿನ, ಎಂಟು ವಾರದೊಳಗೆ ಒಂದು ಬೆಳೆ ಪೂರ್ತಿ ನೋಡಬಹುದು. ಭತ್ತಕ್ಕೆ ನಾಲ್ಕು ತಿಂಗಳು ಬೇಕು. ಅದರ ಇಳುವರಿ ಪ್ರಯೋಗ ಒಪ್ಪಿಕೊಳ್ಳಬೇಡಿ, ಬೀಜ ಮೊಳೆಯುವಿಕೆಯಂಥದ್ದನ್ನು ಆರಿಸಿ. ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನ ಪಡೆಯುವವರು ಇನ್ನೊಂದು ಗಮನಿಸಬೇಕು: ವರ್ಷದ 80,000 ರೂಪಾಯಿಯಲ್ಲಿ 20,000 ಬೇಸಿಗೆ ಸಂಶೋಧನಾ ಪ್ರಾಜೆಕ್ಟಿಗೆ ಮೀಸಲು. ಮಾರ್ಗದರ್ಶಕರ ಪ್ರಮಾಣಪತ್ರ, ವರದಿ ಎರಡನ್ನೂ ಜೋಪಾನವಾಗಿಡಿ.

ದುಡ್ಡು ತೆಗೆದುಕೊಂಡು ಒಂದು ತಿಂಗಳಲ್ಲಿ ‘ಇಂಟರ್ನ್‌ಶಿಪ್’ ಸರ್ಟಿಫಿಕೇಟ್ ಕೊಡುವ ತರಬೇತಿಗಳ ಬಗ್ಗೆ ನಮ್ಮ ಅಭಿಪ್ರಾಯ ಖಡಕ್. ಒಂದು ಪಿಸಿಆರ್ ಯಂತ್ರಕ್ಕೆ (ಡಿಎನ್‌ಎ ಪ್ರತಿಗಳನ್ನು ಹೆಚ್ಚಿಸುವ ಯಂತ್ರ) ಎಷ್ಟು ಮಂದಿ? ಪ್ರತಿಯೊಬ್ಬರೂ ತಮ್ಮದೇ ಟ್ಯೂಬ್ ಹಾಕುತ್ತಾರೆಯೇ? ಜೆಲ್‌ನ ಚಿತ್ರ, ಮೂಲ ಅಂಕಿಗಳು ಮನೆಗೆ ಒಯ್ಯಲು ಸಿಗುತ್ತವೆಯೇ? ಪ್ರಯೋಗ ಕೆಟ್ಟರೆ ಮತ್ತೆ ಮಾಡಲು ಬಿಡುತ್ತಾರೆಯೇ? ಈ ನಾಲ್ಕಕ್ಕೂ ನೇರ ಉತ್ತರ ಬಾರದಿದ್ದರೆ ಶುಲ್ಕ ಕಟ್ಟಬೇಡಿ. ಆ ದುಡ್ಡಿನಲ್ಲಿ ಮುಂದಿನ ಬೇಸಿಗೆಗೆ ಬೆಂಗಳೂರಿನ ಒಂದು ತಿಂಗಳ ಊಟದ ಖರ್ಚಾದರೂ ಹುಟ್ಟುತ್ತದೆ.