ಪುದುಚೇರಿಯೋ, ಕೊಚ್ಚಿಯೋ?

ಬೆಂಗಳೂರಿನಿಂದ ಪುದುಚೇರಿಗೆ ಸುಮಾರು 310 ಕಿ.ಮೀ.; ರಾತ್ರಿ ಬಸ್ ಹತ್ತಿದರೆ ಬೆಳಗಿನ ಕಾಫಿ ಕಡಲ ದಂಡೆಯಲ್ಲಿ. ಕೊಚ್ಚಿ ಇನ್ನೂ ದೂರ, ಸುಮಾರು 550 ಕಿ.ಮೀ. ಹಾಗಾಗಿ ಶನಿವಾರ, ಭಾನುವಾರವಷ್ಟೇ ಬಿಡುವಿದ್ದರೆ ಪುದುಚೇರಿಯೇ ಸರಿ. ದಾರಿಯ ಖರ್ಚೂ ಕಡಿಮೆ. ವಯಸ್ಸಾದ ತಂದೆತಾಯಿ ಜೊತೆಗಿದ್ದರೂ ಅಷ್ಟೇ: ಸಂಜೆ ವಾಹನ ಬಿಡದ ಕಡಲತೀರದ ರಸ್ತೆಯಲ್ಲಿ ಅವರು ನಿಶ್ಚಿಂತೆಯಿಂದ ನಡೆಯಬಹುದು.

ಹಾಯಿದೋಣಿ, ವಿಹಾರನೌಕೆಗಳ ಮೋಹವಿದ್ದರೆ ಮಾತ್ರ ಒಂದು ದಿನ ಹೆಚ್ಚು ರಜೆ ಹಾಕಿ ಕೊಚ್ಚಿಗೇ ಹೋಗಿ. ಬೋಳ್ಗಾಟ್ಟಿ ದ್ವೀಪದಲ್ಲಿ 1744ರಲ್ಲಿ ಡಚ್ಚರು ಕಟ್ಟಿದ ಅರಮನೆಯಿದೆ, ಅದರ ಬಳಿಯೇ ವಿಹಾರನೌಕೆಗಳ ತಂಗುದಾಣ. ಎರ್ನಾಕುಳಂನಿಂದ ಫೋರ್ಟ್ ಕೊಚ್ಚಿಗೆ ರಸ್ತೆ ಹಿಡಿಯದೆ ದೋಣಿಯಲ್ಲೇ ಸಾಗಿ. ಚೀನೀ ಬಲೆಗಳು ನೀರಿನಿಂದ ಮೇಲೇಳುವ ನೋಟವನ್ನು ನಾನಂತೂ ಮರೆತಿಲ್ಲ.

ಮಳೆಯನ್ನು ನೋಡಿಕೊಳ್ಳಿ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಚ್ಚಿಯಲ್ಲಿ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಪುದುಚೇರಿಯಲ್ಲಿ ಅದರ ಜೋರು.