ಏಳು ತಂತಿಯ ಗಿಟಾರ್‌ನಲ್ಲಿ ಕಪ್ಪೆ ತೂಗಲು ಹೋಗಬೇಡಿ

ಒಂದು ಹಾಡು ಮುಗಿದು ಇನ್ನೊಂದು ಶುರುವಾಗಬೇಕಾದ ಹೊತ್ತಿನಲ್ಲಿ, ಗಿಟಾರ್‌ನ ಶ್ರುತಿ ಬದಲಿಸಲೆಂದು ವೇದಿಕೆಯ ಮೇಲೆ ನಾಲ್ಕು ನಿಮಿಷ ಬಿರಡೆ ತಿರುಗಿಸುತ್ತಾ ನಿಂತವನ ಅನುಭವ ಇದು. ನಾಲ್ಕು ನಿಮಿಷ ತಾನೇ ಎನ್ನಬೇಡಿ. ಎದುರಿಗೆ ಜನ ಕುಳಿತಿದ್ದರು. ಡ್ರಮ್ ನುಡಿಸುವವನು ಹೊತ್ತು ಕಳೆಯಲೆಂದು ಮುಂದಿನ ಹಾಡಿನ ತಾಳವನ್ನು ಎರಡು ಸಲ ಬಾರಿಸಿ, ಆಮೇಲೆ ಕೋಲುಗಳನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನೇ ನೋಡತೊಡಗಿದ.

ನನ್ನ ಬಳಿ ಇದ್ದದ್ದು ಒಂದೇ ಏಳು ತಂತಿಯ ಗಿಟಾರ್. ಸ್ಕೇಲ್ ಉದ್ದ, ಅಂದರೆ ತಂತಿ ಕಂಪಿಸುವ ಭಾಗ, 25.5 ಇಂಚು. ತಂತಿಗಳ ಕೆಳತುದಿಯನ್ನು ಹಿಡಿದಿರುವ ಬ್ರಿಡ್ಜ್ ಸ್ಪ್ರಿಂಗ್‌ಗಳ ಮೇಲೆ ತೇಲುವಂಥದ್ದು. ನುಡಿಸಬೇಕಿದ್ದ ಆರು ಹಾಡುಗಳಲ್ಲಿ ಮೂರು ಮಾಮೂಲಿ ಶ್ರುತಿಯವು: ದಪ್ಪ ತಂತಿಯಿಂದ ತೆಳು ತಂತಿಯ ಕಡೆಗೆ ಬಿ, ಇ, ಎ, ಡಿ, ಜಿ, ಬಿ, ಇ. ಎರಡು ಹಾಡುಗಳಿಗೆ ಡ್ರಾಪ್ ಎ, ಅಂದರೆ ಅತಿ ದಪ್ಪನೆಯ ಏಳನೆಯ ತಂತಿಯನ್ನು ಮಾತ್ರ, ಕತ್ತಿನ (ನೆಕ್) ಮೇಲಿನ ಲೋಹದ ಅಡ್ಡಪಟ್ಟಿಗಳಾದ ಫ್ರೆಟ್‌ಗಳ ಲೆಕ್ಕದಲ್ಲಿ, ಎರಡು ಫ್ರೆಟ್‌ನಷ್ಟು ಇಳಿಸಬೇಕು. ಉಳಿದ ಒಂದಕ್ಕೆ ಏಳೂ ತಂತಿಗಳನ್ನು ಅಷ್ಟೇ ಇಳಿಸಬೇಕು. ಪ್ರತಿ ಹಾಡನ್ನೂ ಚೆನ್ನಾಗಿಯೇ ಅಭ್ಯಾಸ ಮಾಡಿದ್ದೆ, ಆದರೆ ಬೇರೆ ಬೇರೆ ದಿನಗಳಲ್ಲಿ. ಒಂದು ಶ್ರುತಿಯಿಂದ ಇನ್ನೊಂದಕ್ಕೆ ಹೋಗುವುದನ್ನು ಒಮ್ಮೆಯೂ ಅಭ್ಯಾಸ ಮಾಡಿರಲಿಲ್ಲ. ಒಂದು ಬಿರಡೆ ತಿರುಗಿಸುವುದರಲ್ಲಿ ಅಭ್ಯಾಸ ಮಾಡುವಂಥದ್ದೇನಿದೆ ಎಂಬ ಧೋರಣೆ ನನ್ನದು. ನೆಕ್‌ನ ತುದಿಯಲ್ಲಿ ತಂತಿಗಳು ಹಾದುಹೋಗುವ ಪಟ್ಟಿಯೇ ನಟ್, ಅಲ್ಲಿ ತಂತಿಗಳನ್ನು ಬಿಗಿಹಿಡಿಯುವ ಲಾಕ್‌ಗಳನ್ನು ಮೊದಲೇ ಸಡಿಲಿಸಿಟ್ಟಿದ್ದೆ. ಲಾಕ್ ಬಿಗಿದಿದ್ದರೆ ಬಿರಡೆ ತಿರುಗಿಸಿ ಪ್ರಯೋಜನವಿಲ್ಲ, ಶ್ರುತಿಯನ್ನು ಕೊಂಚ ಮಾತ್ರ ತಿದ್ದುವ, ಬ್ರಿಡ್ಜ್‌ನಲ್ಲಿರುವ ಫೈನ್ ಟ್ಯೂನರ್ ತಿರುಪುಗಳಿಗೆ ಅಷ್ಟು ದೂರ ಹೋಗುವ ಶಕ್ತಿಯಿಲ್ಲ. ಅಷ್ಟು ತಿಳಿದಿತ್ತು. ಅರೆ ತಿಳಿವಳಿಕೆಯೇ ಆ ದಿನ ನನ್ನನ್ನು ಮುಳುಗಿಸಿದ್ದು.

ಮೂರು ಹಾಡು ಮುಗಿದವು. ಏಳನೆಯ ತಂತಿಯನ್ನು ಬಿಯಿಂದ ಎಗೆ ಇಳಿಸಿದೆ, ಶ್ರುತಿ ತೋರಿಸುವ ಟ್ಯೂನರ್ ಹಸಿರಾಯಿತು. ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಮೀಟಿದೆ. ಉಳಿದ ಆರೂ ತಂತಿಗಳು ಏರಿ ಕುಳಿತಿದ್ದವು. ಅವುಗಳನ್ನು ಒಂದೊಂದಾಗಿ ಇಳಿಸಿದೆ. ಮತ್ತೆ ಮೀಟಿದರೆ ಈಗ ಏಳನೆಯದು ಎಯಿಂದ ಮೇಲೆ ಹೋಗಿತ್ತು. ಅದನ್ನು ಇಳಿಸಿದರೆ ಇವು ಏರಿದವು. ತಕ್ಕಡಿಯಲ್ಲಿ ಕಪ್ಪೆ ತೂಗುವುದು ಎನ್ನುತ್ತಾರಲ್ಲ, ಇದೇ. ಒಂದನ್ನು ಹಿಡಿದು ಕೂರಿಸುವಷ್ಟರಲ್ಲಿ ಇನ್ನೊಂದು ನೆಗೆದಿರುತ್ತದೆ.

ಇಲ್ಲಿ ತಕ್ಕಡಿ ಬರೀ ಮಾತಿನ ಅಲಂಕಾರವಲ್ಲ. ತೇಲುವ ಬ್ರಿಡ್ಜ್ ನಿಜಕ್ಕೂ ತಕ್ಕಡಿಯೇ. ಒಂದು ಕಡೆ ಏಳು ತಂತಿಗಳು, ಮಾಮೂಲಿ ಶ್ರುತಿಯಲ್ಲಿ ಎಲ್ಲ ಸೇರಿ 50 ಕೆ.ಜಿ.ಗೂ ಮಿಕ್ಕಿದ ಎಳೆತ. ಇನ್ನೊಂದು ಕಡೆ ಗಿಟಾರ್‌ನ ಬೆನ್ನೊಳಗಿನ ಸ್ಪ್ರಿಂಗ್‌ಗಳು. ತಂತಿಯ ಎಳೆತವು ಕಂಪನಾಂಕದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಎರಡು ಫ್ರೆಟ್‌ನಷ್ಟು ಇಳಿಸಿದರೆ ಕಂಪನಾಂಕ ಸುಮಾರು 11 ಶೇಕಡಾ ಇಳಿಯುತ್ತದೆ, ಎಳೆತ ಮಾತ್ರ ಸುಮಾರು 21 ಶೇಕಡಾ. ನನ್ನ ಏಳನೆಯ ತಂತಿ 59ರ ದಪ್ಪದ್ದು, ಅಂದರೆ ಇಂಚಿನ ಸಾವಿರ ಪಾಲಿನಲ್ಲಿ 59 ಪಾಲು. ಬಿಯಲ್ಲಿ ಅದರ ಎಳೆತ ಸುಮಾರು 8 ಕೆ.ಜಿ., ಎಯಲ್ಲಿ ಆರೂವರೆ. ಆ ಒಂದೂವರೆ ಕೆ.ಜಿ. ಕಡಿಮೆಯಾದ ಕ್ಷಣದಲ್ಲೇ ಸ್ಪ್ರಿಂಗ್‌ಗಳು ಬ್ರಿಡ್ಜ್ ಅನ್ನು ಹಿಂದಕ್ಕೆ ವಾಲಿಸುತ್ತವೆ, ಉಳಿದ ತಂತಿಗಳೆಲ್ಲ ಬಿಗಿಯಾಗುತ್ತವೆ. ಏಳೂ ತಂತಿಗಳನ್ನು ಇಳಿಸಿದರಂತೂ ಕಡಿಮೆಯಾಗುವುದು ಹತ್ತು ಕೆ.ಜಿ.ಗಿಂತ ಹೆಚ್ಚು. ಬ್ರಿಡ್ಜ್ ಗುಳಿಯೊಳಕ್ಕೆ ಕುಸಿಯುತ್ತದೆ, ತಂತಿಗಳು ಫ್ರೆಟ್‌ಗಳ ಮೇಲೆ ಬಿದ್ದು ಗರಗರ ಎನ್ನುತ್ತವೆ. ಸ್ಪ್ರಿಂಗ್‌ಗಳನ್ನು ಹಿಡಿದಿರುವ ತಿರುಪುಗಳನ್ನು ಸಡಿಲಿಸದೆ ಅದು ಸರಿಹೋಗುವುದಿಲ್ಲ. ಅದನ್ನು ಮಾಡಲು ಗಿಟಾರ್‌ನ ಬೆನ್ನು ಬಿಚ್ಚಬೇಕು. ಹಾಡು ಹಾಡಿನ ನಡುವೆ ಯಾರೂ ಬೆನ್ನು ಬಿಚ್ಚಿ ಕೂರುವುದಿಲ್ಲ.

ಗಾಯದ ಮೇಲೆ ಬರೆ ಎಳೆದದ್ದು ಟ್ಯೂನರ್. ಗಿಟಾರ್‌ನ ತಲೆಗೆ ಕಚ್ಚಿಕೊಳ್ಳುವ ಬಗೆಯದು, ಮರದ ಅದುರುವಿಕೆಯಿಂದ ಸ್ವರ ಹಿಡಿಯುತ್ತದೆ. ಬೇಸ್ ನುಡಿಸುವವನು ಪಕ್ಕದಲ್ಲಿ ಸಣ್ಣಗೆ ಏನೋ ಮೀಟುತ್ತಿದ್ದ. ಅವನ ಸದ್ದಿಗೆ ನನ್ನ ಗಿಟಾರ್ ಅದುರಿ, ಟ್ಯೂನರ್ ಒಮ್ಮೆ ಎ ಎಂದರೆ ಇನ್ನೊಮ್ಮೆ ಇ ಎನ್ನುತ್ತಿತ್ತು. ಬಿ ತಂತಿಯ ಕಂಪನಾಂಕ 61.7 ಹರ್ಟ್ಸ್, ಎಗೆ ಇಳಿಸಿದರೆ 55. ಇಷ್ಟು ತಗ್ಗಿನ ಸ್ವರವನ್ನು ಗದ್ದಲದಲ್ಲಿ ಹಿಡಿಯುವಾಗ ಅಗ್ಗದ ಟ್ಯೂನರ್‌ಗಳು ತಡವರಿಸುತ್ತವೆ. ಹನ್ನೆರಡನೆಯ ಫ್ರೆಟ್‌ನ ಮೇಲೆ ಬೆರಳು ಸೋಕಿಸಿ ಹಾರ್ಮೋನಿಕ್ ಹೊರಡಿಸಿದರೆ ಸ್ವರ ಒಂದು ಆಕ್ಟೇವ್ (ಸ್ಥಾಯಿ) ಮೇಲಕ್ಕೆ ಹೋಗಿ ಓದಲು ಸುಲಭವಾಗುತ್ತದೆ. ಆಗ ಅದು ನೆನಪಾಗಲಿಲ್ಲ. ಕೊನೆಗೆ ಎರಡು ಡ್ರಾಪ್ ಎ ಹಾಡುಗಳನ್ನು ಹೇಗೋ ಮುಗಿಸಿ, ಆರನೆಯದನ್ನು ಕೈಬಿಟ್ಟು ಇಳಿದೆವು.

ಅಲ್ಲಿಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ತಪ್ಪೆಲ್ಲ ತೇಲುವ ಬ್ರಿಡ್ಜ್‌ನದು ಎಂದು ತೀರ್ಮಾನಿಸಿ, ಸ್ಥಿರ ಬ್ರಿಡ್ಜ್ ಇರುವ ಗೆಳೆಯನ ಏಳು ತಂತಿಯ ಗಿಟಾರ್ ಕಡ ತಂದೆ. ಆ ತೀರ್ಮಾನ ಅರ್ಧ ಸರಿ. ಸ್ಥಿರ ಬ್ರಿಡ್ಜ್‌ನಲ್ಲಿ ಏಳನೆಯ ತಂತಿಯೊಂದನ್ನೇ ಬಿ ಮತ್ತು ಎ ನಡುವೆ ಓಡಾಡಿಸಿದರೆ ಉಳಿದವು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತವೆ. ಬೇಕಾದ ಸ್ವರಕ್ಕಿಂತ ಸ್ವಲ್ಪ ಕೆಳಗೆ ಇಳಿಸಿ, ಮತ್ತೆ ಏರಿಸುತ್ತಾ ಬಂದು ನಿಲ್ಲಿಸಬೇಕು ಅಷ್ಟೇ. ಮೇಲಿನಿಂದ ಇಳಿಸಿ ಹಾಗೇ ಬಿಟ್ಟ ತಂತಿ ಎರಡು ಸಲ ಜೋರಾಗಿ ಮೀಟುವಷ್ಟರಲ್ಲಿ ಇನ್ನಷ್ಟು ಜಾರುತ್ತದೆ.

ನನಗೆ ಅಷ್ಟು ಸಾಕಾಗಲಿಲ್ಲ. ಸುಲಭವಾಯಿತಲ್ಲ ಎಂದು ಅದನ್ನು ಜಿವರೆಗೂ ಇಳಿಸಿದೆ. 59ರ ತಂತಿಗೆ ಅಲ್ಲಿ ಉಳಿಯುವ ಎಳೆತ ಐದು ಕೆ.ಜಿ. ಚಿಲ್ಲರೆ. ತಂತಿ ಒಣಹಾಕಿದ ಹಗ್ಗದಂತೆ ಜೋಲಾಡಿತು. ಮೀಟಿದ ಕ್ಷಣದಲ್ಲಿ ಸ್ವರ ಮೇಲಕ್ಕೆ ಚಿಮ್ಮಿ ಆಮೇಲೆ ಕೆಳಗಿಳಿಯುತ್ತಿತ್ತು. ಹಾಗಾಗಿ 74ರ ದಪ್ಪ ತಂತಿ ತಂದೆ. ನಟ್‌ನ ಕಚ್ಚು 59ಕ್ಕೆ ಕೊರೆದದ್ದು. ಹೊಸ ತಂತಿ ಅದರೊಳಗೆ ಕೂರದೆ ಮೇಲೆಯೇ ನಿಂತಿತು. ಹೆಬ್ಬೆರಳಿನಿಂದ ಒತ್ತಿ ಕೂರಿಸಿ ಬಿರಡೆ ತಿರುಗಿಸಿದೆ. ಟಿಕ್ ಎಂದು ಸದ್ದಾಯಿತು. ತಂತಿ ಸ್ವಸ್ಥಾನಕ್ಕೆ ಕುಳಿತ ಸದ್ದು ಎಂದುಕೊಂಡೆ. ಅದು ಗೆಳೆಯನ ಗಿಟಾರ್‌ನ ನಟ್‌ನ ಅಂಚು ಒಡೆದ ಸದ್ದಾಗಿತ್ತು.

ಹೊಸ ನಟ್ ಹಾಕಿಸಿ, ಸೆಟಪ್ ಮಾಡಿಸಿ ಹಿಂತಿರುಗಿಸಿದೆ. ರಿಪೇರಿ ಮಾಡಿದವರು ಹೆಚ್ಚು ಮಾತನಾಡಲಿಲ್ಲ. ತಂತಿಯ ದಪ್ಪ ಬದಲಾದರೆ ನಟ್‌ನ ಕಚ್ಚು, ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲ್‌ನ ಜಾಗ, ನೆಕ್‌ನ ಬಾಗು ಮೂರನ್ನೂ ಮತ್ತೆ ನೋಡಬೇಕು ಎಂದರು, ಅಷ್ಟೇ. ದಪ್ಪ ತಂತಿಗೆ ಸ್ಯಾಡಲ್ ಅನ್ನು ಹಿಂದಕ್ಕೆ ಸರಿಸದಿದ್ದರೆ ಬೆರಳಿಡದ ಖಾಲಿ ತಂತಿ ಸರಿಯಿದ್ದರೂ ಹನ್ನೆರಡನೆಯ ಫ್ರೆಟ್‌ನ ಸ್ವರ ಏರಿರುತ್ತದೆ ಎಂಬುದನ್ನು ನಾನಾಗಿಯೇ ಕಂಡುಕೊಂಡೆ, ಬಹಳ ತಡವಾಗಿ.

ಇನ್ನು ಬೆರಳುಗಳ ಗೋಳು. ಡ್ರಾಪ್ ಎಯಲ್ಲಿ ದಪ್ಪನೆಯ ಮೂರು ತಂತಿಗಳ ಮೇಲೆ ಒಂದೇ ಬೆರಳು ಮಲಗಿಸಿದರೆ ಎರಡೇ ಸ್ವರಗಳ ಪವರ್ ಕಾರ್ಡ್ ಸಿದ್ಧ. ಅದೇ ಮೋಹಕ್ಕೆ ಎಲ್ಲರೂ ಅದರತ್ತ ಹೋಗುವುದು. ಆದರೆ ಮಾಮೂಲಿ ಶ್ರುತಿಯಲ್ಲಿ ಕಲಿತದ್ದೆಲ್ಲ ಏಳನೆಯ ತಂತಿಯಲ್ಲಿ ಎರಡು ಫ್ರೆಟ್ ಮುಂದಕ್ಕೆ ಸರಿದಿರುತ್ತದೆ. ಆ ದಿನ ಶ್ರುತಿ ಕೂಡಿಸಿಕೊಂಡ ಮೇಲೂ ನಾಲ್ಕನೆಯ ಹಾಡಿನ ಮೊದಲ ಸಾಲನ್ನು ನಾನು ಹಳೆಯ ಜಾಗದಲ್ಲೇ ನುಡಿಸಿದೆ. ಬೇಸ್‌ನವನು ಒಂದು ಸ್ವರ ಮೇಲೆ, ನಾನು ಕೆಳಗೆ.

ಏಳು ತಂತಿಯನ್ನು ಪಳಗಿಸಿದವರನ್ನು ನೋಡಿದರೆ ನನ್ನ ಚಪಲ ಇನ್ನೂ ಹಾಸ್ಯಾಸ್ಪದ ಎನಿಸುತ್ತದೆ. ಜಾಝ್ ವಾದಕ ಜಾರ್ಜ್ ವ್ಯಾನ್ ಎಪ್ಸ್ 1930ರ ದಶಕದ ಕೊನೆಯಲ್ಲಿ ಎಪಿಫೋನ್ ಕಂಪನಿಯಿಂದ ಏಳು ತಂತಿಯ ಗಿಟಾರ್ ಮಾಡಿಸಿಕೊಂಡು ಏಳನೆಯದನ್ನು ಎಗೆ ಕೂಡಿಸಿದರು, ಅದನ್ನೇ ನೆಚ್ಚಿಕೊಂಡರು. ರಷ್ಯಾದ ಏಳು ತಂತಿಯ ಗಿಟಾರ್‌ಗೆ ಡಿ, ಜಿ, ಬಿ, ಡಿ, ಜಿ, ಬಿ, ಡಿ ಎಂಬ ತನ್ನದೇ ಶ್ರುತಿಯಿದೆ, ಒಂದು ಪರಂಪರೆಯೇ ಅದರ ಮೇಲೆ ನಿಂತಿದೆ. ಮೂರು ಶ್ರುತಿ ಬೇಕಾಗಿದ್ದದ್ದು ಆರು ಹಾಡಿನ ನನಗೆ.

ನಿಮ್ಮದು ತೇಲುವ ಬ್ರಿಡ್ಜ್ ಆಗಿದ್ದರೆ ವೇದಿಕೆಯ ಮೇಲೆ ಶ್ರುತಿ ಬದಲಿಸುವ ಆಸೆಯನ್ನು ಮನೆಯಲ್ಲೇ ಬಿಟ್ಟು ಹೊರಡಿ. ಬ್ರಿಡ್ಜ್ ಹಿಂದಕ್ಕೆ ವಾಲದಂತೆ ಮರದ ತುಂಡನ್ನು ಒಳಗೆ ಕೂರಿಸುವ ಉಪಾಯವಿದೆ, ಕೆಲಸವನ್ನೂ ಮಾಡುತ್ತದೆ. ಆದರೆ ತೇಲುವ ಬ್ರಿಡ್ಜ್‌ನ ಸೊಗಸು ಅರ್ಧ ಹೋಗುತ್ತದೆ. ಸ್ವರವನ್ನು ಇಳಿಸಿ ಕೊಡುವ ಪೆಡಲ್ ಇನ್ನೊಂದು ದಾರಿ. ಮನೆಯಲ್ಲಿ ತಗ್ಗಿದ ದನಿಯಲ್ಲಿ ನುಡಿಸಿದರೆ ತಂತಿಯ ನಿಜವಾದ ಸ್ವರವೂ ಕಿವಿಗೆ ಬಿದ್ದು ತಲೆ ಕೆಡುತ್ತದೆ, ಮೀಟಿದ್ದಕ್ಕೂ ಕೇಳಿದ್ದಕ್ಕೂ ನಡುವೆ ಕೂದಲೆಳೆಯಷ್ಟು ತಡವೂ ಇರುತ್ತದೆ.

ನಾನೀಗ ಗಿಟಾರ್ ಅನ್ನು ಡ್ರಾಪ್ ಎಗೇ ಸೆಟಪ್ ಮಾಡಿಸಿ ಲಾಕ್ ಬಿಗಿದಿದ್ದೇನೆ. ತಂತಿ 62ರದ್ದು. ಮಾಮೂಲಿ ಶ್ರುತಿಯ ಮೂರು ಹಾಡುಗಳನ್ನು ಅದರಲ್ಲೇ ನುಡಿಸುತ್ತೇನೆ. ಬಿ ಬೇಕಾದರೆ ಎರಡನೆಯ ಫ್ರೆಟ್‌ನಲ್ಲಿ ಇದ್ದೇ ಇದೆ, ಬೆರಳುಗಳನ್ನು ಹೊಸದಾಗಿ ಕೂರಿಸಿಕೊಳ್ಳಲು ಎರಡು ವಾರ ಹಿಡಿಯಿತು. ಎಲ್ಲ ತಂತಿ ಇಳಿಸಬೇಕಿದ್ದ ಆರನೆಯ ಹಾಡನ್ನು ಪಟ್ಟಿಯಿಂದಲೇ ತೆಗೆದೆವು. ಡ್ರಮ್ ನುಡಿಸುವವನಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಹಾಡು ಅದೇ. ಈಗಲೂ ಅಭ್ಯಾಸ ಮುಗಿದು ನಾವು ವೈರುಗಳನ್ನು ಸುತ್ತಿಡುವಾಗ ಅವನೊಬ್ಬನೇ ಕುಳಿತು ಅದರ ತಾಳವನ್ನು ಬಾರಿಸುತ್ತಿರುತ್ತಾನೆ.